ಬಾಣಂತಿ ಕೋಣೆಯ ನೆಲ

ಜೆಚೋನ್ ಊರಿನ ಆ ಓಣಿಗೆ ಚಳಿಗಾಲ ಕ್ಯಾಲೆಂಡರ್ ನೋಡಿಕೊಂಡು ಬರುತ್ತಿರಲಿಲ್ಲ. ಮನೆಮನೆಯ ಒಲೆಗೂ ಹಸಿ ಪೈನ್ ಸೊಪ್ಪು ತುರುಕಿ ಹೊಗೆ ಎಬ್ಬಿಸಿದ ದಿನವೇ ಚಳಿಗಾಲ ಶುರುವಾಯಿತೆಂದು ಲೆಕ್ಕ. ಅಡುಗೆಮನೆಯ ಒಲೆಯ ಹೊಗೆ ನೆಲದಡಿಯ ಕಾಲುವೆಗಳಲ್ಲಿ ಹರಿದು, ಕೋಣೆಯ ನೆಲ ಬಿಸಿ ಮಾಡಿ, ಹಿತ್ತಲ ಚಿಮಣಿಯಿಂದ ಆಚೆ ಹೋಗಬೇಕು. ನೆಲದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಆಯಿತು, ವಿಷಗಾಳಿ ಕೋಣೆಗೆ ಸೋರುತ್ತಿತ್ತು. ಕಲ್ಲಿದ್ದಲ ಬಿಲ್ಲೆ ಉರಿಸಿ ಬೆಚ್ಚಗೆ ಮಲಗಿದವರು ಬೆಳಿಗ್ಗೆ ಏಳುತ್ತಿರಲಿಲ್ಲ. ಅದಕ್ಕೇ ಮೊದಲು ಸೊಪ್ಪಿನ ಹೊಗೆ ಬಿಟ್ಟು ಪರೀಕ್ಷೆ. ಮಕ್ಕಳೆಲ್ಲ ನೆಲಕ್ಕೆ ಕೆನ್ನೆ ಹಚ್ಚಿ "ಇಲ್ಲಿ ಬಂತು, ಇಲ್ಲಿ ಬಂತು" ಎಂದು ಕಿರುಚುತ್ತಿದ್ದವು. ಈಗ ಆ ಊರವರು ಫ್ಲಾಟಿನಲ್ಲಿ ಗುಂಡಿ ಒತ್ತಿ ನೆಲ ಬಿಸಿ ಮಾಡಿಕೊಳ್ಳುತ್ತಾರೆ. ಒಳ್ಳೆಯದೇ, ಯಾರೂ ಸಾಯುವುದಿಲ್ಲ. ಆದರೂ ಆ ಓಣಿಯ ಮುದುಕಿ ಮಾಲ್‌ಹಿ ಇವತ್ತಿಗೂ ಆ ಸೊಪ್ಪಿನ ವಾಸನೆ ಮರೆತಿಲ್ಲ.

ಕಣ್ಣಿಗೆ ಕಾಣುವ ಹೊಗೆಯನ್ನು ಯಾರು ಬೇಕಾದರೂ ಹಿಡಿದಾರು. ಕಾಣದಷ್ಟು ಸಣ್ಣಗೆ ಸೋರುವುದನ್ನು ಹಿಡಿಯಲು ಅವಳ ಗಂಡ ದೋಕ್‌ಸುವೇ ಬೇಕಿತ್ತು. ಮನುಷ್ಯ ರೈಲ್ವೆಯಲ್ಲಿ ಸಾಮಾನು ಹೊತ್ತು ಬದುಕಿದವನು. ಹೇಳಿಕೊಳ್ಳುವಂಥದ್ದು ಬೇರೇನೂ ಇರಲಿಲ್ಲ. ಆದರೆ ಚಳಿ ಶುರುವಾಗುವ ಹೊತ್ತಿಗೆ ಇಡೀ ಓಣಿ ಅವನ ಬಾಗಿಲಿಗೆ ಬರುತ್ತಿತ್ತು. "ಮೂಗಿನಣ್ಣ, ನಮ್ಮನೇಗೊಂದ್ಸಲ ಬಂದ್ಹೋಗಿ." ಅವನು ಮಂಡಿಯೂರಿ, ಎಣ್ಣೆಕಾಗದ ಹಚ್ಚಿದ ನೆಲಕ್ಕೆ ಮೂಗು ತಾಗಿಸಿ ಮೂಲೆಮೂಲೆ ಮೂಸಿ, ಒಂದು ಕಡೆ ಬೆರಳಿಟ್ಟು "ಇಲ್ಲಿ" ಎನ್ನುತ್ತಿದ್ದ. ಅಲ್ಲಿ ಕಾಗದ ಕಿತ್ತರೆ ಬಿರುಕು ಇದ್ದೇ ಇರುತ್ತಿತ್ತು.

ಸಾವಿರದ ಒಂಬೈನೂರ ಎಂಬತ್ತೊಂದರ ವಸಂತದಲ್ಲಿ ಅವನಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಬಿಡುವಾಗ ಮೂಗನ್ನೂ ಹೊತ್ತುಕೊಂಡು ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಮಾಲ್‌ಹಿಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಅನ್ನ ತಳ ಹಿಡಿದು ಮನೆಯೆಲ್ಲ ಕಮಟು ಹೊಡೆಯುತ್ತಿದ್ದರೆ, ಈ ಮಹಾರಾಯ ಒಲೆಯ ಪಕ್ಕದಲ್ಲೇ ಕೂತು "ಅನ್ನ ಆಯ್ತಾ?" ಎಂದು ಕೇಳಿದ. ಅವಳು ಸೀದ ಅನ್ನವನ್ನು ನಾಯಿಗೆ ಹಾಕಿ ಬೇರೆ ಅನ್ನಕ್ಕಿಟ್ಟಳು.

ಅದೇ ಚಳಿಗಾಲಕ್ಕೆ ಮಗಳು ಒಕ್‌ರಾನ್ ಚೊಚ್ಚಲ ಬಾಣಂತನಕ್ಕೆ ತವರಿಗೆ ಬರುವವಳಿದ್ದಳು. ಇನ್ನು ಎರಡೇ ದಿನ. ಬಾಗಿಲಿಗೆ ಹೊಸ ಕಾಗದ ಅಂಟಿಸಿದ್ದಾಯಿತು, ಸಂದಿಗಳಿಗೆ ಪಟ್ಟಿ ಹಚ್ಚಿದ್ದಾಯಿತು, ಮೂಲಂಗಿಯನ್ನು ಉಪ್ಪುನೀರಿನ ಜಾಡಿಗೆ ಹಾಕಿ ಅಂಗಳದಲ್ಲಿ ಹೂತದ್ದೂ ಆಯಿತು. ಕೊನೆಗೆ ಒಲೆಗೆ ಸೊಪ್ಪು ಹಾಕಿ ದೋಕ್‌ಸು ಬಾಣಂತಿಗೆಂದಿಟ್ಟ ಕೋಣೆಯೆಲ್ಲ ಅಂಬೆಗಾಲಿಟ್ಟ.

"ಒಂದೆಳೆ ಹೊಗೆ ಇಲ್ಲ. ನೆಲ ಬಂಡೆ ಹಂಗಿದೆ," ಎಂದ.

ಅವನ ಬೆನ್ನ ಹಿಂದೆ ನಿಂತಿದ್ದ ಮಾಲ್‌ಹಿಗೆ ಬಟ್ಟೆಪೆಟ್ಟಿಗೆಯ ಮೂಲೆಯಿಂದ ಪೈನ್ ಹೊಗೆ ಘಮ್ಮೆಂದು ಬಡಿಯುತ್ತಿತ್ತು. ಬಡವನಿಗೆ ಇದ್ದದ್ದು ಅದೊಂದೇ ಹೆಮ್ಮೆ, ಅದನ್ನೂ ಕಿತ್ತುಕೊಳ್ಳಲೇ? ನಾಳೆ ಇವನನ್ನು ಸಂತೆಗೆ ಅಟ್ಟಿ ತಾನೇ ಗುಟ್ಟಾಗಿ ಮಣ್ಣು ಮೆತ್ತಿಬಿಡುವುದೆಂದು ಲೆಕ್ಕ ಹಾಕಿದಳು.

ಮಾರನೆಯ ದಿನ ಅವನು ಹೊರಡಲೊಲ್ಲ.

"ಮಂಡಿ ನೋವು ಕಣೇ. ಬಾಣಂತಿ ಸಾರಿಗೆ ಕಡಲಪಾಚಿ ನೀನೇ ತಗೊಂಬಾ. ನಾನು ತಂದ್ರೆ ಬಲಿತದ್ದು ತಂದೆ ಅಂತ ಬೈತೀಯ."

ಮಾಲ್‌ಹಿ ಓಡೋಡಿ ಹೋದಳು, ಚೌಕಾಸಿಯನ್ನೂ ಮಾಡದೆ ಓಡೋಡಿ ಬಂದಳು. ಒಲೆಯಲ್ಲಿ ಹೊಸ ಬಿಲ್ಲೆ ಕೆಂಪಗೆ ಉರಿಯುತ್ತಿದೆ. ಮೆಟ್ಟಿಲ ಕಲ್ಲಿನ ಮೇಲೆ ಅವನ ಜೋಡುಗಳಿವೆ. ಮಟಮಟ ಮಧ್ಯಾಹ್ನದಲ್ಲಿ ಬಾಣಂತಿ ಕೋಣೆಯ ಬಾಗಿಲು ಭದ್ರವಾಗಿ ಮುಚ್ಚಿದೆ. ಬಾಗಿಲೆಳೆದರೆ, ಪೆಟ್ಟಿಗೆಯ ಪಕ್ಕದಲ್ಲಿ ಅವನು ನೆಲಕ್ಕೆ ಮುಖ ಕೊಟ್ಟು ಬಿದ್ದಿದ್ದ.

ಎಲ್ಲಿಂದ ಬಲ ಬಂತೋ, ಕಂಕುಳಿಗೆ ಕೈ ಕೊಟ್ಟು ಅಂಗಳಕ್ಕೆ ಎಳೆದಳು. ಬೆನ್ನಿಗೆ ಗುದ್ದಿದಳು. ಅವನು ವಾಂತಿ ಮಾಡಿಕೊಂಡು ಕಣ್ಣು ಬಿಟ್ಟ. ಇದ್ದಲ ಗಾಳಿ ಕುಡಿದವರಿಗೆ ಕೊಡುವ ಮೂಲಂಗಿ ನೀರನ್ನು ಜಾಡಿಯಿಂದ ಮೊಗೆದು ತುಟಿಗೆ ಹಿಡಿದಳು.

"ಕುಡೀರಿ! ಇನ್ನೊಂದ್ ಗುಟುಕು! ಹುಚ್ಚು ಹಿಡಿದಿತ್ತಾ ನಿಮಗೆ?"

"ಈ ಕಡೆ ಗೋಡೆ ಪಕ್ಕ ಮಲಗಿದ್ದೆ, ಏನೂ ಆಗ್ಲಿಲ್ಲ," ಅವನು ಉಸಿರೆಳೆಯುತ್ತ ಹೇಳಿದ. "ಪೆಟ್ಟಿಗೆ ಹತ್ರ ಹೋದೆ ನೋಡು, ತಲೆ ಸಿಡಿಯೋಕ್ ಹತ್ತಿತು. ಅಲ್ಲೇ ಇದೆ ಬಿರುಕು."

"ಅಯ್ಯೋ ನಿಮ್ಮ..."

"ನನ್ನ ಮೂಗು ಸತ್ತ್ಹೋಗಿದೆ ಕಣೇ, ಒಕ್‌ರಾನಳ ಅಮ್ಮ. ಜ್ವರದಲ್ಲೇ ಹೋಯ್ತು. ಕೂಸು ಮಲಗೋ ನೆಲ, ಬಾಯಿಮಾತಿಗೆ ಸರಿ ಇದೆ ಅನ್ನೋಕಾಗತ್ತಾ? ಮೂಗಿಲ್ದಿದ್ರೆ ತಲೆನಾದ್ರೂ ಇದೆಯಲ್ಲ ಅಂದ್ಕೊಂಡೆ. ತಲೆ ನೋಯ್ತಿದ್ದಂಗೇ ಎದ್ದು ಬರೋಣ ಅಂತಿದ್ದೆ. ಕಾಲೇ ಏಳ್ಲಿಲ್ಲ."

ಮಾಲ್‌ಹಿ ಮೂಲಂಗಿ ನೀರಿನ ಬಟ್ಟಲು ಕೆಳಗಿಟ್ಟಳು. "ಆ ಮೂಲೇಲಿ ನನಗೆ ನಿನ್ನೇನೇ ಹೊಗೆ ವಾಸನೆ ಬಂದಿತ್ತು."

ಅವನು ಪಿಳಿಪಿಳಿ ನೋಡಿದ. "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆಯಾ?"

"ನೀವು ಮುಚ್ಕೊಂಡಿರ್ಲಿಲ್ವಾ?"

ಹೇಳಿ ಹೋ ಎಂದು ಅತ್ತಳು. ಒಂದು ಮಾತು ಆಡಿದ್ದರೆ ತೀರುತ್ತಿತ್ತು. ಗಂಡನ ಮಾನ ಉಳಿಸಲು ಹೋಗಿ ಗಂಡನನ್ನೇ ಕಳೆದುಕೊಳ್ಳುತ್ತಿದ್ದಳು. ದೋಕ್‌ಸು ಅವಳ ತಲೆ ನೇವರಿಸುತ್ತಾ ಕೂತ. ಸಂಜೆಯೊಳಗೆ ಇಬ್ಬರೂ ಸೇರಿ ಪೆಟ್ಟಿಗೆ ಸರಿಸಿ, ಕಾಗದ ಕಿತ್ತು, ಬಿರುಕಿಗೆ ಮಣ್ಣು ಮೆತ್ತಿದರು.

ಮತ್ತೆ ಸೊಪ್ಪಿನ ಹೊಗೆ ಹಾಕಿ ನೋಡುತ್ತಿರುವಾಗಲೇ ಎದುರುಮನೆಯ ಗುಮ್‌ನ್ಯೋ ಬಾಗಿಲಿಗೆ ಬಂದಳು. "ಮೂಗಿನಣ್ಣ, ನಾಳೆ ನಮ್ಮನೆ ನೆಲ ನೋಡ್ತೀರಾ?"

ದೋಕ್‌ಸು ತಲೆ ತಗ್ಗಿಸಿದ. ಹೇಳಿಬಿಡುವುದಕ್ಕೇ ಬಾಯಿ ತೆರೆದ.

"ಬರ್ತಾರೆ," ಎಂದಳು ಮಾಲ್‌ಹಿ. "ಮಂಡಿನೋವು ಅಂತಾರೆ. ಏಳೋಕೆ ಕೂರೋಕೆ ಕೈ ಕೊಡೋಕೆ ನಾನೂ ಬರ್ತೀನಿ."

ಅಲ್ಲಿಂದ ಹನ್ನೊಂದು ಚಳಿಗಾಲ ಹಾಗೇ ನಡೆಯಿತು. ಅವನು ಮುಂದೆ ಅಂಬೆಗಾಲಿಟ್ಟು ಸುಂಯ್ ಸುಂಯ್ ಎಂದು ಮೂಸುವನು. ಅವಳು ಪಕ್ಕದಲ್ಲೇ ಕೂತು ಹೊಗೆ ಬಂದ ಕಡೆ ಅವನ ತೋಳು ಜಗ್ಗುವಳು. ಅವನು ಬೆರಳಿಟ್ಟು "ಇಲ್ಲಿ" ಎನ್ನುವನು. ಮನೆಗೆ ಬರುವ ದಾರಿಯಲ್ಲಿ ಇಬ್ಬರೂ ಕಳ್ಳರಂತೆ ನಗುವರು. ಆ ಓಣಿಯಲ್ಲಿ ಒಬ್ಬರೂ ನೆಲದ ಗಾಳಿಗೆ ಸಾಯಲಿಲ್ಲ.

ದೋಕ್‌ಸು ತೀರಿಕೊಂಡಾಗ ಓಣಿಗೆ ಬಿಸಿನೀರಿನ ಕೊಳವೆಗಳು ಬಂದಾಗಿದ್ದವು. ಮಾತಾಡಿಸಲು ಬಂದ ಗುಮ್‌ನ್ಯೋ ಮಾಲ್‌ಹಿಯ ಕೈ ಹಿಡಿದು, "ಅಂಥ ಮೂಗು ಇನ್ನೆಲ್ಲಿ ಹುಟ್ಟತ್ತೆ ಅಕ್ಕಾ," ಎಂದು ಅತ್ತಳು.

"ಎಲ್ಲೂ ಹುಟ್ಟಲ್ಲ," ಎಂದಳು ಮಾಲ್‌ಹಿ.