ಶಟರ್ ಒಳಗಿನ ಬಾಣಂತಿ

ನನ್ನ ಸೊಸೆ ಬಟ್ಟೆ ಹೊಲಿಯುವವಳು. ಮದುವೆಯಾಗಿ ಬಂದಾಗ ಮೆಷಿನ್ನನ್ನೂ ಜೊತೆಗೆ ತಂದಳು. ನಮ್ಮ ಹಜಾರದ ನಡುಮಧ್ಯೆ ಕುಳಿತ ಅದು ಮತ್ತೆ ಏಳಲಿಲ್ಲ. ಕಾಲಿಟ್ಟಲ್ಲೆಲ್ಲ ಬಟ್ಟೆಚೂರು, ಕೂತಲ್ಲಿ ಗುಂಡುಸೂಜಿ. ಮನಸ್ಸಿನಲ್ಲೇ ಇಟ್ಟುಕೊಂಡು ಕೊರಗುವ ಸ್ವಭಾವ ನನ್ನದಲ್ಲ, ದಿನಾ ಹೇಳುತ್ತಲೇ ಇದ್ದೆ. ಹಾಗಾಗಿ ಅವಳು ಮುಖ್ಯರಸ್ತೆಯಲ್ಲಿ ಸಣ್ಣದೊಂದು ಮಳಿಗೆ ಹಿಡಿದಾಗ ಅವಳಿಗಿಂತ ಹೆಚ್ಚು ಹಿಗ್ಗಿದವಳು ನಾನೇ.

ಶಾಲೆ ಶುರುವಾಗುವ ಮುಂಚೆ ಅಂಗಡಿ ತೆರೆಯಲೇಬೇಕಿತ್ತು. ಹತ್ತಿರದ ಶಾಲೆಯವರು ಸಮವಸ್ತ್ರ ಹೊಲಿಯುವ ಕೆಲಸ ಕೊಡುವುದಾಗಿ ಹೇಳಿದ್ದರು. ಆದರೆ ಮಕ್ಕಳನ್ನು ಅಳತೆಗೆ ಅಂಗಡಿಗೆ ಕಳಿಸುತ್ತೇವೆಯೇ ಹೊರತು ಯಾರದೋ ಮನೆಯ ಹಜಾರಕ್ಕಲ್ಲ ಎಂದು ಖಡಾಖಂಡಿತವಾಗಿ ತಿಳಿಸಿದ್ದರು. ಈ ಕೆಲಸ ತಪ್ಪಿದರೆ ಮಳಿಗೆಯನ್ನೂ ಬಿಡಬೇಕಾಗುತ್ತಿತ್ತು.

ಬೀಗ ತೆಗೆಯಲು ಹೋದ ದಿನ ನೋಡಿದರೆ, ಶಟರ್ ಸುತ್ತಿಕೊಳ್ಳುವ ಮೇಲಿನ ಡಬ್ಬದ ಸಂದಿಗೆ ಗುಬ್ಬಚ್ಚಿಯೊಂದು ನುಗ್ಗಿತು. ಸಂದಿಯಿಂದ ಹುಲ್ಲಿನ ಎಳೆಗಳು ಜೋತಾಡುತ್ತಿದ್ದವು. ಶಟರ್ ಎತ್ತಿದರೆ ತಗಡು ಸುತ್ತಿಕೊಳ್ಳುತ್ತಾ ಗೂಡನ್ನು ಅರೆದುಹಾಕುತ್ತದೆ. ಸೊಸೆ ಕೀಲಿಯನ್ನು ಚೀಲಕ್ಕೆ ಹಾಕಿ ಮನೆಗೆ ನಡೆದಳು.

ಗುಬ್ಬಚ್ಚಿ ಯಾವ ಕಾಲದಲ್ಲಿ ಮೊಟ್ಟೆ ಇಡುತ್ತದೆ, ಯಾವಾಗ ಗೂಡು ಬಿಡುತ್ತದೆ ಎಂದು ಹುಡುಕಲು ಮಗ ಮೊಬೈಲ್ ಹಿಡಿದು ಕೂತ. ಒಂದು ಕಡೆ, ಹಿಮ ಕರಗಿದ ಮೇಲೆ ಎಂದಿತ್ತು. ನಮ್ಮಲ್ಲಿ ಹಿಮ ಕಾಣುವುದು ಫ್ರಿಜ್ಜಿನೊಳಗೆ ಮಾತ್ರ. ಇನ್ನೊಂದು ಕಡೆ, ವರ್ಷವಿಡೀ ಎಂದಿತ್ತು. ಅದನ್ನು ನಂಬಿದರೆ ಅಂಗಡಿ ತೆರೆಯುವುದು ಮುಂದಿನ ಜನ್ಮದಲ್ಲಿ. ಶಟರ್ ರಿಪೇರಿಯವನು ಮಾತ್ರ ನೇರವಾಗಿ ಹೇಳಿದ. ಹುಲ್ಲು ತರುತ್ತಿದೆ ಎಂದರೆ ಇನ್ನೂ ಮನೆ ಕಟ್ಟುತ್ತಿದೆ, ಮೊಟ್ಟೆ ಇಟ್ಟಿಲ್ಲ, ಈಗಲೇ ತೆಗೆದುಬಿಡೋಣ ಎಂದ. ನನಗೆ ಬೇಕಾಗಿದ್ದ ಉತ್ತರವೂ ಅದೇ ಆಗಿದ್ದರಿಂದ ಅದೇ ಸರಿ ಎಂದು ತೀರ್ಮಾನಿಸಿ, ಮರುದಿನವೇ ಬರಹೇಳಿದೆ.

ಅವನು ಏಣಿ ಹಾಕುವ ಹೊತ್ತಿಗೆ ಸೊಸೆ ಯಾರಿಗೋ ಫೋನ್ ಹಚ್ಚಿದ್ದಳು. ಅವಳ ಬಳಿ ಬಟ್ಟೆ ಹೊಲಿಸುವ ಕಾಲೇಜಿನ ಅಧ್ಯಾಪಕಿ, ಹಕ್ಕಿಗಳ ಬಗ್ಗೆ ಪಾಠ ಮಾಡುವವರು. ಅಂದಿನಿಂದ ನಮಗೆ ಅವರು ಹಕ್ಕಿ ಮೇಡಂ. ಹುಲ್ಲನ್ನು ನಂಬಬೇಡಿ, ಮೊಟ್ಟೆ ಇಟ್ಟ ಮೇಲೂ ಗುಬ್ಬಚ್ಚಿ ಹುಲ್ಲು, ಗರಿ ತಂದು ತುರುಕುತ್ತಲೇ ಇರುತ್ತದೆ ಎಂದರು. ಎಲ್ಲೋ ಬರೆದ ತಿಂಗಳನ್ನೂ ನಂಬಬೇಡಿ, ನಿಮ್ಮ ಹಕ್ಕಿಯನ್ನೇ ಕೇಳಿ ಎಂದರು.

"ಅಲ್ಲಿ ಯಾರ ಕಿವಿ ಚುರುಕಾಗಿದೆ? ತಗಡಿಗೆ ಕಿವಿ ಇಟ್ಟು, ಹಕ್ಕಿ ಒಳಗೆ ಹೋದಾಗ ಏನು ಕೇಳ್ಸುತ್ತೆ ನೋಡಿ."

ಕಿವಿ ಎಂದರೆ ನಮ್ಮ ಮನೆಯಲ್ಲಿ ನನ್ನದೇ. ಅಡುಗೆಮನೆಯಲ್ಲಿ ನಿಂತೇ ಬೀದಿಯ ಆ ತುದಿಯ ಜಗಳವನ್ನು ಒಂದು ಮಾತೂ ಬಿಡದೆ ಕೇಳಬಲ್ಲೆ. ಬೇಡ ಅತ್ತೆ, ಬೀಳ್ತೀರಿ ಎಂದು ಸೊಸೆ ಗೋಗರೆಯುತ್ತಿದ್ದರೂ ಏಣಿ ಹತ್ತಿ ಡಬ್ಬಕ್ಕೆ ಕೆನ್ನೆ ಒತ್ತಿದೆ. ಗುಬ್ಬಚ್ಚಿ ಬಂತು. ಕೊಕ್ಕಿನಲ್ಲಿ ಹಸಿರು ಹುಳವೊಂದು ಒದ್ದಾಡುತ್ತಿತ್ತು. ಅದು ಒಳಗೆ ಕಾಲಿಟ್ಟಿತೋ ಇಲ್ಲವೋ, ನನಗೆ ಮೊದಲು ನನಗೆ ಮೊದಲು ಎಂಬಂತೆ ಪುಟ್ಟ ಗಂಟಲುಗಳೆಲ್ಲ ಒಟ್ಟಿಗೆ ಕಿರುಚಿಕೊಂಡವು. ಆ ಸದ್ದಿಗೆ ತಗಡು ನನ್ನ ಕೆನ್ನೆಯಡಿ ಸಣ್ಣಗೆ ನಡುಗಿತು. ಇನ್ನೊಂದು ಗಳಿಗೆ ಕಳೆದಿದ್ದರೆ ಏನಾಗಿಬಿಡುತ್ತಿತ್ತು!

ಇಳಿದವಳೇ ರಿಪೇರಿಯವನ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ.

"ಒಳಗೆ ಬಾಣಂತಿ ಇದ್ದಾಳಪ್ಪ. ಯಾರೂ ಮುಟ್ಟೋ ಹಾಗಿಲ್ಲ."

ಹುಳ ತರುತ್ತಿದೆ ಎಂದರೆ ಒಳಗೆ ಮರಿಗಳಿರುವುದು ಖಚಿತ, ಇಷ್ಟು ಜೋರಾಗಿ ಕೂಗುತ್ತಿವೆ ಎಂದರೆ ಬೆಳೆದಿವೆ, ಇನ್ನೊಂದು ವಾರದಲ್ಲಿ ಹಾರಬಹುದು ಎಂದರು ಮೇಡಂ. ಆದರೆ ಶಾಲೆ ಶುರುವಾಗುವುದು ಸೋಮವಾರ, ಅಳತೆಗೆಂದು ಗೊತ್ತುಮಾಡಿದ್ದು ಶನಿವಾರ. ಮನೆಗೆ ಬಂದ ಸೊಸೆ ಮೆಷಿನ್ ಮುಂದೆ ಕುಳಿತು ಸುಮ್ಮನೆ ಚಕ್ರ ತಿರುಗಿಸುತ್ತಿದ್ದಳು. ಅವಳ ಸಪ್ಪೆ ಮುಖ ನನ್ನಿಂದ ನೋಡಲಾಗಲಿಲ್ಲ. ನನ್ನ ಬಾಯಿ ದೊಡ್ಡದು ಎಂದು ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಆ ಬಾಯಿಯನ್ನೇ ಶಾಲೆಗೆ ಒಯ್ದೆ.

ಮುಖ್ಯೋಪಾಧ್ಯಾಯಿನಿಯ ಮುಂದೆ ಕುಳಿತು, ಅಂಗಡಿ ತೆರೆದಾಗಿದೆ, ಶಟರ್ ಒಂದನ್ನು ಮಾತ್ರ ಎತ್ತಿಲ್ಲ, ಮಕ್ಕಳನ್ನು ಕಳಿಸಿ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ಒಮ್ಮೆ ನೋಡಿದರು. ಕಾರಣ ಹೇಳಿದ ಮೇಲೆ ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಕೊನೆಗೆ, ಶನಿವಾರ ಮಕ್ಕಳನ್ನು ಕಳಿಸಿ, ತಾವೂ ಬಂದು ನೋಡಿ ನಿರ್ಧರಿಸುವುದಾಗಿ ಹೇಳಿದರು.

ಶನಿವಾರ ಮುಚ್ಚಿದ ಶಟರಿನ ಮುಂದಿನ ಕಟ್ಟೆಯ ಮೇಲೆ ಮೇಜು, ಕುರ್ಚಿ, ಟೇಪು. ಸೊಸೆ ಅಳತೆ ಕೂಗಿದಳು, ಮಗ ಬರೆದುಕೊಂಡ, ಸಾಲು ಕಾಯುವ ಕೆಲಸ ನನ್ನದು. ಗುಬ್ಬಚ್ಚಿಗೆ ನಮ್ಮ ಗೊಡವೆಯೇ ಇಲ್ಲ, ತಲೆಯ ಮೇಲೆ ಹುಳ ಸಾಗಿಸುತ್ತಲೇ ಇತ್ತು. ಪ್ರತಿ ಸಲ ಅದು ಒಳಹೊಕ್ಕಾಗಲೂ ಸಾಲಿನ ಕತ್ತುಗಳೆಲ್ಲ ಮೇಲೆ. ಎದೆಯ ಅಳತೆಗೆಂದು ಕೈ ಎತ್ತಿದ ಹುಡುಗಿಯೊಬ್ಬಳು ಕೈ ಇಳಿಸುವುದನ್ನೇ ಮರೆತಳು. ಮುಖ್ಯೋಪಾಧ್ಯಾಯಿನಿ ಬಂದವರು ನನ್ನ ಕುರ್ಚಿಯಲ್ಲೇ ಕುಳಿತು ಅರ್ಧ ಗಂಟೆ ಹಕ್ಕಿ ನೋಡಿದರು. ಹೊರಡುವಾಗ ಸೊಸೆಯ ಬೆನ್ನು ತಟ್ಟಿದರು.

"ದೊಡ್ಡ ಕ್ಲಾಸಿನ ಮಕ್ಕಳನ್ನೂ ಇಲ್ಲಿಗೇ ಕಳಿಸ್ತೀನಮ್ಮ."

ಮುಂದಿನ ವಾರ ಮರಿಗಳು ಒಂದೊಂದಾಗಿ ಹಾರಿದವು. ಕೊನೆಯದು ವಿದ್ಯುತ್ ತಂತಿ ಮುಟ್ಟುವವರೆಗೆ ನಾನು ಕಟ್ಟೆ ಬಿಟ್ಟು ಕದಲಲಿಲ್ಲ. ತಡ ಮಾಡಿದರೆ ಅಲ್ಲೇ ಮತ್ತೆ ಮೊಟ್ಟೆ ಇಡುತ್ತದೆ, ಗೂಡು ಖಾಲಿಯಾಗಿರುವಾಗಲೇ ತೆಗೆಸಿ ಎಂದರು ಮೇಡಂ. ಅಂದೇ ರಿಪೇರಿಯವನನ್ನು ಕರೆಸಿ ಗೂಡು ತೆಗೆಸಿದೆವು. ಶಟರ್ ದಡದಡ ಸದ್ದು ಮಾಡುತ್ತಾ ಮೇಲೇರಿತು. ಬೆಳಕು ಒಳಗೋಡೆಯವರೆಗೂ ಹರಿಯಿತು. ಸೊಸೆ ಧೂಳು ತುಂಬಿದ ನೆಲದ ಮೇಲೆ ಕೂತು ನಗುನಗುತ್ತಲೇ ಅತ್ತಳು. ಪಕ್ಕದಲ್ಲಿ ಕೂತು ನಾನೂ ಅತ್ತೆ. ನನಗಾದ ಸಂತೋಷ ಹಜಾರ ಖಾಲಿಯಾಗುವುದಕ್ಕೆ ಮಾತ್ರ ಆಗಿರಲಿಲ್ಲ.

ಸಂಜೆ ಪೇಂಟರ್ ಬೋರ್ಡ್ ತೂಗುಹಾಕಿದ. ಒಂದು ಕಡೆ ಗೇಣುದ್ದ ಇಳಿದಿತ್ತು, ಬೆಳಿಗ್ಗೆ ಬಂದು ಸರಿಮಾಡುವುದಾಗಿ ಹೇಳಿಹೋದ. ಬೆಳಿಗ್ಗೆ ಅವನು ಬರುವಷ್ಟರಲ್ಲಿ ಗುಬ್ಬಚ್ಚಿ ಬೋರ್ಡಿನ ಹಿಂದೆ ಸಂಸಾರ ಹೂಡಲು ಶುರುಮಾಡಿತ್ತು. ಈ ಸಲ ಯಾರನ್ನೂ ಕೇಳದೆ ನಾನೇ ಅವನನ್ನು ವಾಪಸ್ ಕಳಿಸಿದೆ. ಈಗ ಸೊಟ್ಟ ಬೋರ್ಡಿನ ಅಂಗಡಿ ಎಂದರೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರು ಮಾತ್ರ ದಾರಿಯಲ್ಲಿ ನಿಂತು, ಅಮ್ಮ, ನಿಮ್ಮ ಬೋರ್ಡು ಸೊಟ್ಟಗಿದೆ ಎಂದು ಕೂಗಿ ಹೇಳುತ್ತಾರೆ.

"ಗೊತ್ತಪ್ಪ," ಎನ್ನುತ್ತೇನೆ, "ಸ್ವಲ್ಪ ಮೆಲ್ಲಗೆ ಮಾತಾಡಿ."