ಅಮ್ಮನ ಕಿಟಕಿಯ ಕೆಳಗಿನ ಹೊಗೆಕೊಳವೆ

ಬೇಕರಿಯವನು ನನ್ನ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತು ಹಲ್ಲು ಕಿರಿದ. "ಮೇಡಂ, ನಿಮ್ಮ ತಮ್ಮನ ಮನೆ ಹೀಟರಿಗೆ ಹೇಗೆ ಮಾಡಿಕೊಟ್ರೋ ನಮಗೂ ಹಾಗೇ ಮಾಡಿಕೊಡಿ. ಅರ್ಜಿ ಗಿರ್ಜಿ ಅಂತ ಓಡಾಡೋಕೆ ನಂಗೆಲ್ಲಿ ಪುರುಸೊತ್ತು?"

"ಯಾವ ಹೀಟರು?"

"ಅದೇ, ಮನೆಗೆಲ್ಲ ಬಿಸಿಗಾಳಿ ಬಿಡೋ ಗ್ಯಾಸ್ ಹೀಟರು. ನಮ್ಮಕ್ಕನೇ ನೋಡಿ ಸರಿ ಅಂದಿದಾಳೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದಾರಲ್ಲ!"

ಮೈಯೆಲ್ಲ ಉರಿದುಹೋಯಿತು. ಹೀಟರು, ಎಸಿ ಕೂರಿಸುವವರಿಗೆ ಪರವಾನಗಿ ಕೊಡುವುದು, ಕೂರಿಸಿದ ಮೇಲೆ ಹೋಗಿ ನೋಡಿ ರುಜು ಹಾಕುವುದು, ಇದೇ ನಗರಸಭೆಯಲ್ಲಿ ನನ್ನ ಕೆಲಸ. ಒಡಹುಟ್ಟಿದವರ ಮನೆಗೆ ನಾನು ರುಜು ಹಾಕುವ ಹಾಗೇ ಇಲ್ಲ, ಅದಕ್ಕೆ ಬೇರೆ ವಾರ್ಡಿನವರು ಬರಬೇಕು. ಅದಿರಲಿ, ತಮ್ಮ ಹೀಟರು ಹಾಕಿಸಿದ ಸುದ್ದಿಯೇ ನನ್ನ ಕಿವಿಗೆ ಬಿದ್ದಿರಲಿಲ್ಲ. ಬೇಕರಿಯವನ ಕೈಗೆ ಒಂದು ಅರ್ಜಿ ತುರುಕಿ, ಗಾಳಿ ಪರೀಕ್ಷಿಸುವ ಮೀಟರಿನ ಚೀಲ ಹೆಗಲಿಗೇರಿಸಿ ತಮ್ಮನ ಮನೆಗೆ ಹೊರಟೆ.

ನನ್ನ ತಮ್ಮ ಚಿಕ್ಕಂದಿನಿಂದಲೂ ಹೀಗೇ. ಸಾಲಿನಲ್ಲಿ ನಿಲ್ಲುವುದೆಂದರೆ ಅವನಿಗೆ ಮಾನ ಹೋದ ಹಾಗೆ. ಡಾಕ್ಟರ ಹತ್ತಿರ ಹೋಗಲಿ, ಬ್ಯಾಂಕಿಗೆ ಹೋಗಲಿ, 'ನಮ್ಮೋರು ಒಬ್ರಿದಾರೆ' ಎಂದು ಹಿಂಬಾಗಿಲು ಹುಡುಕುತ್ತಾನೆ. ಈಗ ಆ ನಮ್ಮೋರು ನಾನೇ ಆಗಿದ್ದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋದೆ.

ಬಾಗಿಲು ತೆಗೆದವನು ಮುಖ ಅರಳಿಸಿದ. "ಬಾರೇ ಅಕ್ಕ! ಸ್ವೆಟರ್ ತೆಗೆದಿಡು, ಒಳಗೆ ಬೇಕಾಗಲ್ಲ."

"ಪರ್ಮಿಟ್ ಎಲ್ಲೋ?"

"ಪರ್ಮಿಟ್ ಕೊಡೋಳು ಮನೆಯವಳೇ ಆಗಿರುವಾಗ ಪರ್ಮಿಟ್ ಯಾಕೆ?"

ತಮಾಷೆಗೆ ಹೇಳಿದ್ದರೆ ಕಪಾಳಕ್ಕೊಂದು ಬಿಟ್ಟು ಸುಮ್ಮನಾಗುತ್ತಿದ್ದೆನೇನೋ. ಅವನು ನಿಜವಾಗಿಯೂ ಹಾಗೇ ನಂಬಿದ್ದ. ಅಕ್ಕನಿಗೆ ಆ ಕೆಲಸ ಸಿಕ್ಕ ದಿನವೇ ತನ್ನ ಮನೆಗೆ ಕಾನೂನಿನಿಂದ ಬಿಡುಗಡೆ ಸಿಕ್ಕಿತು ಎಂದು ತಿಳಿದುಕೊಂಡಿದ್ದ.

ಅಮ್ಮ ಇರುವುದು ತಮ್ಮನ ಜೊತೆಯಲ್ಲೇ. ಹೀಟರನ್ನು ಅವಳ ಕೋಣೆಗೆ ತಾಗಿದ ಗೂಡಿನಲ್ಲಿ ಕೂರಿಸಿದ್ದರು. ಅದರ ಹೊಗೆಕೊಳವೆ ತಾರಸಿ ದಾಟಿ ಮೇಲಕ್ಕೆ ಹೋಗಬೇಕು ಎಂಬುದು ನಿಯಮ. ಇಲ್ಲಿ ಅದು ಗೋಡೆ ಕೊರೆದುಕೊಂಡು ಪಕ್ಕಕ್ಕೆ ಹೊರಟಿತ್ತು. ಮನೆಯ ಪಕ್ಕದ ಓಣಿಗೆ ಹೋಗಿ ನೋಡಿದೆ. ಕೊಳವೆಯ ಬಾಯಿ ಅಮ್ಮನ ಕಿಟಕಿಯ ನೇರ ಕೆಳಗಿತ್ತು. ಬೀದಿಯವರಿಗೆ ಕಾಣದಿರಲಿ ಎಂದು ತಮ್ಮ ಎಸಿಯ ಹೊರಪೆಟ್ಟಿಗೆಯನ್ನು ಅದಕ್ಕೆ ಅಡ್ಡ ಇಡಿಸಿದ್ದ. ಎಂಥ ಚಳಿಯಲ್ಲೂ ಕಿಟಕಿ ಪೂರ್ತಿ ಮುಚ್ಚಿ ಮಲಗುವ ಅಭ್ಯಾಸ ಅಮ್ಮನಿಗಿಲ್ಲ. ಈಗಲೂ ಅದು ಅರ್ಧ ತೆರೆದೇ ಇತ್ತು.

"ತಾರಸಿ ಒಡೆದ್ರೆ ಸೋರುತ್ತೆ ಅಂದ ಮೇಸ್ತ್ರಿ," ಎಂದ ನನ್ನ ಹಿಂದೆಯೇ ಬಂದ ತಮ್ಮ. "ಹೊಸದಾಗಿ ಮಾಡಿಸಿದ್ದನ್ನ ಯಾರಾದ್ರೂ ತೂತು ಮಾಡ್ತಾರಾ?"

ಒಳಕ್ಕೆ ಓಡಿದೆ. ಗ್ಯಾಸು ಸರಿಯಾಗಿ ಉರಿಯದಿದ್ದರೆ ಹೊಗೆಯಲ್ಲಿ ವಿಷಗಾಳಿ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಪತ್ತೆ ಹಚ್ಚಲೆಂದೇ ನಮಗೆ ಮೀಟರ್ ಕೊಟ್ಟಿದ್ದಾರೆ. ಅಮ್ಮನ ಕೋಣೆಯ ಹೊಸ್ತಿಲು ದಾಟಿದ್ದೇ ತಡ, ಅದು ಕಿರುಚಿಕೊಂಡಿತು. ಹಾಡುಹಗಲಲ್ಲಿ ಅಮ್ಮ ಹಣೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ದಳು. ತೋಳು ಹಿಡಿದು ಎಬ್ಬಿಸಿ, ಹೆಚ್ಚುಕಡಿಮೆ ಎಳೆದುಕೊಂಡೇ ಬಂದು ಹೊರಬಾಗಿಲ ಮೆಟ್ಟಿಲ ಮೇಲೆ ಕೂರಿಸಿದೆ. ಕಿಟಕಿ ಬಾಗಿಲೆಲ್ಲ ತೆರೆದು, ಹೀಟರಿನ ಗ್ಯಾಸ್ ಬಂದ್ ಮಾಡಿ, 'ಬಳಸಕೂಡದು' ಎಂಬ ನಗರಸಭೆಯ ಕೆಂಪು ಚೀಟಿಯನ್ನು ಅದರ ಮೇಲೆ ಅಂಟಿಸಿದೆ. ಜೀವಕ್ಕೆ ಅಪಾಯವಿದ್ದರೆ ಒಡಹುಟ್ಟಿದವರ ಮನೆಯಲ್ಲೂ ಅದನ್ನು ಅಂಟಿಸಲೇಬೇಕು.

ತಮ್ಮ ಅದನ್ನು ಕೀಳಲು ಬಂದ. ನಾನು ಅಡ್ಡ ನಿಂತೆ.

"ಸ್ವಂತ ತಮ್ಮನ ಮನೆಗೆ ಸೀಲ್ ಹಾಕ್ತೀಯೇನೇ? ಅಮ್ಮನಿಗೆ ಚಳಿ ಆಗಬಾರದು ಅಂತಾನೇ ಹಾಕಿಸಿದ್ದು ಕಣೇ!"

"ಅಮ್ಮನಿಗೋಸ್ಕರ ಹಾಕಿಸಿ ಅಮ್ಮನ ಮೂಗಿಗೇ ಹೊಗೆ ಬಿಟ್ಟಿದೀಯಲ್ಲೋ! ನಿನ್ನ ತಾರಸಿ ಸೋರಬಾರದು, ಅವಳು ಸತ್ರೂ ಪರವಾಗಿಲ್ವಾ?"

"ಬಾಯಿಗೆ ಬಂದ ಹಾಗೆ ಮಾತಾಡಬೇಡ. ಅಮ್ಮ ಒಂದು ದಿನಾನಾದ್ರೂ ಏನಾದ್ರೂ ಅಂದಿದಾಳಾ, ನೀನೇ ಕೇಳು!"

ಕೇಳುವ ಅಗತ್ಯವೇ ಬರಲಿಲ್ಲ. ಹೊರಗಿನಿಂದ ಅಮ್ಮನೇ ಕೂಗಿದಳು. "ಅವನಿಗೆ ಬೈಬೇಡ ಕಣೇ. ನಂಗೆ ಗೊತ್ತಿತ್ತು."

ಇಬ್ಬರೂ ಮೆಟ್ಟಿಲ ಹತ್ತಿರ ಬಂದೆವು.

"ಏನು ಗೊತ್ತಿತ್ತು?"

"ಅದನ್ನ ಹಚ್ಚಿದಾಗಲೆಲ್ಲ ತಲೆ ಸಿಡಿಯೋದು, ವಾಂತಿ ಬಂದ ಹಾಗಾಗೋದು. ಆರಿಸಿದ್ರೆ ಕಡಿಮೆ ಆಗೋದು. ಅಷ್ಟೂ ತಿಳಿಯಲ್ವಾ?"

"ಮತ್ಯಾಕೆ ಬಾಯಿ ಬಿಡಲಿಲ್ಲ? ದಿನಾ ಫೋನ್ ಮಾಡ್ತೀನಲ್ಲಮ್ಮ!"

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ಇವನ ಮೇಲೆ ಕೇಸು ಹಾಕ್ತಿದ್ದೆ. ಆಮೇಲೆ ಒಬ್ಬರ ಮುಖ ಒಬ್ಬರು ನೋಡ್ತಿದ್ರಾ ನೀವು?"

"ಸತ್ತೇ ಹೋಗಿದ್ರೆ?"

ಅಮ್ಮ ಹಣೆಯ ಬಟ್ಟೆ ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. "ವಯಸ್ಸಾಗಿತ್ತು ಅಂತಿದ್ರು ಬಿಡು. ಇವನ ಹೆಸರು ಬರ್ತಿರಲಿಲ್ಲ."

ನನಗೆ ತಮ್ಮನ ಮೇಲಿನ ಸಿಟ್ಟಿಗಿಂತ ಅಮ್ಮನ ಮೇಲಿನ ಸಿಟ್ಟೇ ಹೆಚ್ಚಾಯಿತು. ಮಗನನ್ನು ಉಳಿಸಿಕೊಳ್ಳಲು ಅವಳು ಮಗಳಿಂದ ಬಚ್ಚಿಟ್ಟಿದ್ದಳು, ನಾನೇನೋ ಮನೆಗೆ ನುಗ್ಗುವ ಪೊಲೀಸು ಎಂಬಂತೆ. "ಏಳು, ಆಸ್ಪತ್ರೆಗೆ ನಡಿ," ಎಂದು ಗದರಿದೆ. ಅವಳು ಏಳುವಾಗ ಪಕ್ಕಕ್ಕೆ ವಾಲಿದಳು, ನಾನು ತೋಳು ಹಿಡಿದೆ. ತಮ್ಮ ಓಡಿಬಂದು ಅವಳ ಇನ್ನೊಂದು ತೋಳು ಹಿಡಿದ.

"ಬಿಡೋ," ಎಂದೆ.

ಅವನು ಬಿಡಲಿಲ್ಲ. ಅಮ್ಮನನ್ನು ನಡುವೆ ಹಿಡಿದುಕೊಂಡು ಇಬ್ಬರೂ ಮೆಟ್ಟಿಲಿಳಿದೆವು.