ನೆಂದ ಬ್ರೇಕಿಗೆ ಕೀಲೆಣ್ಣೆ

ಇಂಜಿನ್ನು ಚೆನ್ನಾಗಿ ಗುರುಗುಡುತ್ತದೆ, ಗೇರು ಬೀಳುತ್ತದೆ, ಗಾಡಿ ಮಾತ್ರ ಹಟ ಹಿಡಿದ ಎತ್ತಿನ ಹಾಗೆ ಒಂದು ಗೇಣೂ ಮುಂದೆ ಹೋಗುವುದಿಲ್ಲ. ಮಳೆಗಾಲದ ಬೆಳಿಗ್ಗೆ ನಿಮ್ಮ ಮನೆ ಮುಂದೆಯೂ ಹೀಗೆ ಆಗಿರಬೇಕು. ಉದಕಮಂಡಲದ ಹೊರಗಿನ ಒಂದು ಕೇರಿಯಲ್ಲಿ ಶಿವಲಿಂಗಯ್ಯನ ವ್ಯಾನು ಆ ಸೋಮವಾರ ಹಾಗೆಯೇ ನಿಂತಿತ್ತು.

ಶಿವಲಿಂಗಯ್ಯ ಮಸಿನಗುಡಿಯವನು. ಹಿರಿಯರು ಗುಂಡ್ಲುಪೇಟೆ ಕಡೆಯವರು. ಇಪ್ಪತ್ತು ವರ್ಷ ಎತ್ತಿನಗಾಡಿಯಲ್ಲಿ ರಾಗಿಯನ್ನು ಬೆಟ್ಟ ಹತ್ತಿಸಿ, ಆಲೂಗಡ್ಡೆಯನ್ನು ಕೆಳಗಿಳಿಸಿದ ಕೈ ಅವನದು. ಹೋದ ವರ್ಷ ಎತ್ತು ಮಾರಿ ಈ ಹಳೆಯ ವ್ಯಾನು ತಂದಿದ್ದ. ಎತ್ತು ಹೋದರೂ ಅಭ್ಯಾಸ ಹೋಗಬೇಕಲ್ಲ! ಗಾಡಿಯ ಅಚ್ಚಿಗೆ ಬಿಡುವ ಕೀಲೆಣ್ಣೆ ತುಂಬಿದ ಬಿದಿರುಗೊಟ್ಟ ಈಗಲೂ ಸೀಟಿನ ಪಕ್ಕದಲ್ಲಿ ತೂಗಾಡುತ್ತಿತ್ತು.

ಈ ಸಲ ಅವನು ಬಂದದ್ದು ಆಲೂಗಡ್ಡೆಗಲ್ಲ, ಮಗಳು ನಂಜಮ್ಮನನ್ನು ಹೆರಿಗೆಗೆ ತವರಿಗೆ ಕರೆದೊಯ್ಯುವುದಕ್ಕೆ. ಅವಳ ಮೊದಲ ಕೂಸು ಉಳಿದಿರಲಿಲ್ಲ. ಈಗ ಎರಡನೆಯದಕ್ಕೆ ಏಳು ತಿಂಗಳು ತುಂಬಿತ್ತು. ಮಸಿನಗುಡಿಗೆ ಇಳಿಯುವ ಕಲ್ಲಟ್ಟಿ ಘಾಟಿಯ ಆ ಕಡಿದಾದ ತಿರುವುಗಳಲ್ಲಿ ಅವಳನ್ನು ಅಲುಗದ ಹಾಗೆ ಹೇಗೆ ಇಳಿಸಲಿ ಎಂಬ ಯೋಚನೆಯಲ್ಲಿ ಶಿವಲಿಂಗಯ್ಯ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಹೆಂಡತಿ ಸಿದ್ದಾಜಮ್ಮ ಜೊತೆಗೆ ಬಂದು, ವ್ಯಾನಿನೊಳಗೆ ಹುಲ್ಲು ಹರಡಿ ಅದರ ಮೇಲೆ ಎರಡು ಕಂಬಳಿ ಹಾಸಿದ್ದಳು.

ಹಿಂದಿನ ದಿನ ಬರುವಾಗ ದಾರಿಯುದ್ದಕ್ಕೂ ಮಳೆ. ಮಗಳ ಮನೆ ಮುಂದೆ ಇಳಿಜಾರು ಎಂದು ಕೈಬ್ರೇಕು ಬಲವಾಗಿ ಎಳೆದು ಗಾಡಿ ನಿಲ್ಲಿಸಿದ್ದ. ಬೆಳಗಾಗುವಷ್ಟರಲ್ಲಿ ಹಿಂದಿನ ಎಡಚಕ್ರ ಕಚ್ಚಿಕೊಂಡಿತ್ತು. ಹಿಂದೆ ನೂಕಿದ, ಮುಂದೆ ನೂಕಿದ, ಬೈದ. ಕೊನೆಗೆ 'ಟಕ್' ಎಂದು ಬಿಟ್ಟುಕೊಂಡಿತು. ನಾಲ್ಕು ಮಾರು ಹೋಗಿ ಬ್ರೇಕು ಒತ್ತಿದರೆ 'ಕಿರ್ರ್' ಎಂದು ಕೂಗಿದ ರಭಸಕ್ಕೆ ಕೇರಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

ಶಿವಲಿಂಗಯ್ಯನ ಮುಖ ಕೆಂಪೇರಿತು. ಗಾಡಿಯವರಲ್ಲಿ ಚಕ್ರ ಕೂಗಿಸಿಕೊಂಡು ಹೋಗುವುದೆಂದರೆ ಮಾನ ಹೋದಂತೆ. ಇವನ ಮನೆಯಲ್ಲಿ ಎಣ್ಣೆಗೂ ಗತಿಯಿಲ್ಲ ಎಂದು ಸಂತೆಯಲ್ಲಿ ಆಡಿಕೊಳ್ಳುತ್ತಾರೆ.

"ಒಣಗೋಗದ ಕನ ಇದು," ಎಂದು ಇಳಿದು, ಗೊಟ್ಟ ಬಗ್ಗಿಸಿ, ಚಕ್ರದ ಹಿಂದಿನ ಸಂದಿಯೊಳಗೆ ಗಳಗಳ ಎಣ್ಣೆ ಬಿಟ್ಟ. ಮತ್ತೆ ಹತ್ತಿ ನಾಲ್ಕು ಮಾರು ಮೆಲ್ಲಗೆ ಓಡಿಸಿ ಬ್ರೇಕು ಮುಟ್ಟಿದ. ಸದ್ದೇ ಇಲ್ಲ! "ನೋಡ್ದಾ ಸಿದ್ದಾಜಿ? ಗಾಡಿ ಹೊಡ್ದೋನ ಕೈ ಇದು. ಮಗಳ ಕರಿ, ಹೊಲ್ಡಾವ."

ಪಕ್ಕದ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದ ಜೋಗಿ ಮಣ್ಣಿನ ಕೈಯಲ್ಲೇ ಓಡಿಬಂದ. ಆಚೆ ಹಟ್ಟಿಯ ಬಡಗ ಜನದವನು, ಕೂನೂರಿನ ಒಂದು ಮೋಟಾರು ಶೆಡ್ಡಿನಲ್ಲಿ ಮೇಸ್ತ್ರಿ. ಅವತ್ತು ಅವನಿಗೆ ರಜ.

"ಶಿವಲಿಂಗಣ್ಣ, ಆ ಸಂದಿಗೆ ಏನು ಬಿಟ್ಟೆ?"

"ಕೀಲೆಣ್ಣೆ. ಯಾಕಪ್ಪ?"

"ಅಯ್ಯೋ ಅಣ್ಣ! ಅದು ಅಚ್ಚಲ್ಲ, ಬ್ರೇಕು. ನಂಜಮ್ಮಕ್ಕನ ಹತ್ತಿಸಬೇಡ."

ಶಿವಲಿಂಗಯ್ಯನಿಗೆ ರೇಗಿತು. "ನೀ ಹುಟ್ಟಕ್ಕೂ ಮುಂಚೆ ನಾನು ಈ ಘಾಟೀಲಿ ಗಾಡಿ ಇಳ್ಸಿದೋನು. ಇವತ್ತು ಸೋಮಾರ. ನಾಳೆ ಮಂಗಳವಾರ, ಹೆಣ್ಮಗಳ ಮನೆಯಿಂದ ಕಳ್ಸಂಗಿಲ್ಲ. ಈಗ್ಲೇ ಹೊಲ್ಡಬೇಕು."

ಜೋಗಿ ಜಗಳಕ್ಕೆ ನಿಲ್ಲಲಿಲ್ಲ. "ಆಗಲಿ ಅಣ್ಣ. ಹೊರಡೋಕೆ ಮುಂಚೆ ನಾವಿಬ್ಬರೇ ಈ ಓಣಿ ಕೊನೆ ತನಕ ಒಂದು ಸಲ ಇಳಿದು ನೋಡೋಣ. ಬ್ರೇಕು ಹಿಡಿದರೆ ನಾನೇ ನಂಜಮ್ಮಕ್ಕನ ಗಂಟು ಹೊತ್ತು ತರುತ್ತೇನೆ."

ಇಬ್ಬರೂ ಹತ್ತಿದರು. ಓಣಿ ಅಂಥಾ ಇಳಿಜಾರೂ ಅಲ್ಲ. ಅರ್ಧ ದಾರಿಗೆ ಶಿವಲಿಂಗಯ್ಯ ಬ್ರೇಕು ಒತ್ತಿದ. ಎಣ್ಣೆ ಕುಡಿದ ಎಡಚಕ್ರ ಹಿಡಿಯಲೇ ಇಲ್ಲ. ಹಿಂದೆ ಬಲಚಕ್ರ ಒಂದೇ ಹಿಡಿಯಿತು. ವ್ಯಾನು ಬಲಕ್ಕೆ ಗಕ್ಕನೆ ತಿರುಗಿ, ಬೇಲಿ ಮುರಿದು, ಜೋಗಿಯ ಆಲೂಗಡ್ಡೆ ಹೊಲದೊಳಗೆ ಇಳಿದು ಕೆಸರಲ್ಲಿ ಹೂತು ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಶಿವಲಿಂಗಯ್ಯ ಸೀಟಿನಿಂದ ಏಳಲಿಲ್ಲ. ಹಿಂದಕ್ಕೆ ತಿರುಗಿ ಆ ಎರಡು ಕಂಬಳಿ ನೋಡಿದ. ಇಲ್ಲಿ ಬೇಲಿ ಇತ್ತು. ಕಲ್ಲಟ್ಟಿಯ ತಿರುವಿನಲ್ಲಿ ಏನಿರುತ್ತಿತ್ತು?

"ಜೋಗಿ," ಎಂದ ಮೆಲ್ಲಗೆ, "ನನ್ನ ಕೂಸ ನಾನೇ ಕೊಂದಾಕ್ತಿದ್ದೆ ಕನಪ್ಪ."

ಜೋಗಿ ಅವನ ಬೆನ್ನ ಮೇಲೆ ಕೈಯಿಟ್ಟ. "ಕೊಲ್ಲಲಿಲ್ಲವಲ್ಲ. ಇಳಿ ಅಣ್ಣ. ಒಳಗೆ ಏನಿದೆ ಅಂತ ತೋರಿಸುತ್ತೇನೆ."

ಕೇರಿಯವರು ಕೂಡಿ ವ್ಯಾನನ್ನು ಕೆಸರಿನಿಂದ ಓಣಿಗೆ ನೂಕಿದ ಮೇಲೆ ಜೋಗಿ ಚಕ್ರ ಬಿಚ್ಚಿದ. ಸಿದ್ದಾಜಮ್ಮ, ನಂಜಮ್ಮ ಇಬ್ಬರೂ ಬಂದು ನಿಂತರು. ಒಳಗೆ ಅಗಲ ಬಾಯಿಯ ಬೋಗುಣಿಯಂಥ ಕಬ್ಬಿಣ, ಅದರೊಳಗೆ ಬಿಲ್ಲಿನ ಹಾಗೆ ಬಾಗಿದ ಎರಡು ತುಂಡು, ಅವುಗಳ ಮೈಗೆ ಹೊಡೆದ ದಪ್ಪ ಪಟ್ಟಿ.

"ನೀನು ಒತ್ತಿದಾಗ ಈ ಪಟ್ಟಿ ಆ ಕಬ್ಬಿಣವನ್ನು ಅದುಮಿ ಹಿಡಿಯುತ್ತೆ, ಅಷ್ಟೇ. ಅಚ್ಚು ತಿರುಗಬೇಕು, ಅದಕ್ಕೆ ಎಣ್ಣೆ ಬೇಕು. ಇದು ಹಿಡಿಯಬೇಕು. ಎಣ್ಣೆ ಕೈಯಲ್ಲಿ ಮೀನು ಹಿಡಿದ ಹಾಗಾಗುತ್ತೆ."

"ಹಂಗಾರೆ ಅಂಗ್ಯಾಕೆ ಅರಚ್ತು?" ಎಂದ ಶಿವಲಿಂಗಯ್ಯ.

"ನಿನ್ನೆ ಮಳೇಲಿ ಒಳಗೆಲ್ಲ ನೆನೆಯಿತು. ಏರಿನಲ್ಲಿ ಬ್ರೇಕಿಗೆ ಕೆಲಸ ಇಲ್ಲ, ಹಾಗಾಗಿ ಒಣಗಲೂ ಇಲ್ಲ. ನೆಂದ ಕಬ್ಬಿಣ ಬೆಳಗಾಗೋದರಲ್ಲಿ..."

"ತುಕ್ಕು ಹಿಡೀತದ!" ಎಂದಳು ಸಿದ್ದಾಜಮ್ಮ. "ರೊಟ್ಟಿ ಹಂಚ ತೊಳ್ದು ಒರಸ್ದೆ ಮಡಗುದ್ರೆ ಬೆಳಿಗ್ಗೆಗೆ ಕೆಂಪಗಾಗಿರ್ತದಲ್ಲ, ಅಂಗೆ."

"ಸರಿಯಾಗಿ ಹೇಳಿದೆ ಅಕ್ಕ. ಅಣ್ಣ ಕೈಬ್ರೇಕು ಬಿಗಿದಿಟ್ಟ, ಪಟ್ಟಿ ಕಬ್ಬಿಣಕ್ಕೆ ಒತ್ತಿಕೊಂಡೇ ಇತ್ತು. ತುಕ್ಕು ಎರಡನ್ನೂ ಅಂಟಿಸಿತು. 'ಟಕ್' ಅಂದದ್ದು ಅದು ಬಿಟ್ಟ ಸದ್ದು. ಆಮೇಲೆ ಕೂಗಿದ್ದು ಮೇಲಿನ ತುಕ್ಕು ಉಜ್ಜಿ ಹೋಗೋ ಸದ್ದು. ಮೆಲ್ಲಗೆ ಹೋಗುತ್ತಾ ಹತ್ತು ಸಲ ಹಗುರವಾಗಿ ಒತ್ತಿದ್ದರೆ ತಾನೇ ಸುಮ್ಮನಾಗುತ್ತಿತ್ತು."

"ಹತ್ತು ಸಲ ಒತ್ತುದ್ರೂ ಅರಚ್ತಾನೇ ಇದ್ರೆ?" ಶಿವಲಿಂಗಯ್ಯ ಮತ್ತೆ ಕೇಳಿದ.

"ಪಟ್ಟಿ ಸವೆದಿರಬಹುದು, ಒಳಗೆ ಕಲ್ಲು ಸೇರಿರಬಹುದು. ಆಗ ಇಳಿಜಾರಿಗೆ ಇಳಿಯಬೇಡ, ಮೇಸ್ತ್ರಿಗೆ ತೋರಿಸು."

"ಈಗ ಈ ಎಣ್ಣೆ ಒರಸ್ಬುಟ್ರೆ ಸಾಕಾ?" ಶಿವಲಿಂಗಯ್ಯ ಆಸೆಯಿಂದ ಕೇಳಿದ.

"ಸಾಲದು ಅಣ್ಣ. ಪಟ್ಟಿ ಎಣ್ಣೆ ಕುಡಿದುಬಿಟ್ಟಿದೆ. ಹೊಸದು ಹಾಕಬೇಕು. ನಾಳೆ ರೈಲಿಗೆ ಕೂನೂರಿಂದ ತರುತ್ತೇನೆ."

ಶಿವಲಿಂಗಯ್ಯ ಮಗಳ ಮುಂದೆ ತಲೆ ತಗ್ಗಿಸಿ ನಿಂತ. "ತಪ್ಪಾಯ್ತು ಕನವ್ವ. ಒಳ್ಳೆ ದಿನನೂ ಕಳ್ದೆ."

ನಂಜಮ್ಮ ಒಂದು ಕೈ ಹೊಟ್ಟೆಯ ಮೇಲಿಟ್ಟು, ಇನ್ನೊಂದರಲ್ಲಿ ಅಪ್ಪನ ಎಣ್ಣೆ ಮೆತ್ತಿದ ಕೈ ಹಿಡಿದುಕೊಂಡಳು. "ನಾವಿಬ್ರೂ ಇನ್ನೂ ಹತ್ತಿರ್ಲಿಲ್ವಲ್ಲ ಅಪ್ಪ, ಇದಕ್ಕಿಂತ ಒಳ್ಳೆ ದಿನ ಯಾವುದು? ಬುಧವಾರ ಹೋಗಮ. ಒಳಕ್ಕೆ ಬಾ, ಉಣ್ಣು." ಅವಳು ಹೇಳಿದ 'ನಾವಿಬ್ರೂ' ಯಾರು ಯಾರು ಎಂದು ಅವನಿಗೆ ತಿಳಿಯಿತು. ಕಣ್ಣು ತುಂಬಿ ಬಂತು. ಮೂರು ದಿನದ ಮೇಲೆ ಅವತ್ತು ಅವನು ಹೊಟ್ಟೆ ತುಂಬ ಉಂಡ.

ಮಂಗಳವಾರ ಸಂಜೆ ಜೋಗಿ ಎರಡೂ ಕಡೆಗೆ ಹೊಸ ಪಟ್ಟಿ ಹಾಕಿ, ಕಬ್ಬಿಣವನ್ನು ಪೆಟ್ರೋಲಿನಲ್ಲಿ ಒರೆಸಿ, ಇಳಿಜಾರಿನಲ್ಲಿ ನಾಲ್ಕು ಸಲ ಓಡಿಸಿ ನೋಡಿದ. ಮತ್ತೆ ಮಳೆ ಬರುತ್ತಿತ್ತು. ನೆಂದ ಗಾಡಿಗೆ ರಾತ್ರಿ ಕೈಬ್ರೇಕು ಬಿಗಿಯಬೇಡ ಎಂದ ಜೋಗಿ. ಶಿವಲಿಂಗಯ್ಯ ಕೇಳಿಯೇಬಿಟ್ಟ: "ಕೈಬ್ರೇಕು ಬಿಗೀಬ್ಯಾಡ ಅಂದ್ರೆ ಗಾಡಿ ಉರುಳದಂಗೆ ಏನ್ಮಾಡದು?"

"ಮಟ್ಟಸವಾದ ಜಾಗ ನೋಡು. ಗೇರಿನಲ್ಲಿ ಬಿಡು. ಚಕ್ರಕ್ಕೆ ಕಲ್ಲು ಕೊಡು. ಕಲ್ಲು ಕೊಡೋದು ನಾನು ನಿನಗೆ ಕಲಿಸಬೇಕಾ?"

ಶಿವಲಿಂಗಯ್ಯ ಎರಡು ದಿನದಲ್ಲಿ ಮೊದಲ ಸಲ ನಕ್ಕ. ಗಾಡಿಯವನಿಗೆ ಗೊತ್ತಿದ್ದುದು ಒಂದಾದರೂ ಮೋಟಾರಿಗೆ ಬಂತಲ್ಲ!

ಬುಧವಾರ ಬೆಳಿಗ್ಗೆ ಚಕ್ರ ಕಚ್ಚಿಕೊಳ್ಳಲಿಲ್ಲ. ಒಂದಿಷ್ಟು ಕೂಗಿತು. ಕೇರಿಯ ಮಟ್ಟಸ ದಾರಿಯಲ್ಲೇ ಹಗುರವಾಗಿ ಒತ್ತುತ್ತ ಹೋದ. ಏಳನೆಯ ಸಲಕ್ಕೆ ಸದ್ದಡಗಿತು. ಕಲ್ಲಟ್ಟಿಯ ಇಳಿಜಾರನ್ನೆಲ್ಲ ಸಣ್ಣ ಗೇರಿನಲ್ಲಿ ಮೆಲ್ಲಗೆ ಇಳಿದ. ಮಗಳು ಕಂಬಳಿಯ ಮೇಲೆ ನಿದ್ದೆ ಹೋಗಿದ್ದಳು.

ಮಸಿನಗುಡಿಯ ಹೊರಗೆ ಹಳ್ಳ ತುಂಬಿತ್ತು. ದಾಟಿದ ಮೇಲೆ ಶಿವಲಿಂಗಯ್ಯ ಆಮೆಯಂತೆ ಓಡಿಸುತ್ತ, ಮತ್ತೆ ಮತ್ತೆ ಬ್ರೇಕು ಒತ್ತಿ ಒಣಗಿಸತೊಡಗಿದ.

"ಮನೆ ಕಾಣ್ತಾ ಅದ, ಇನ್ನೂ ಯಾಕೆ ಒತ್ತೀರಿ?" ಎಂದಳು ಸಿದ್ದಾಜಮ್ಮ.

"ಕಂಡ್ರೆ ಸಾಕಾ? ಸೇರಬ್ಯಾಡ್ವ?" ಎಂದ ಶಿವಲಿಂಗಯ್ಯ, ಮಗಳಿಗೆ ಎಚ್ಚರವಾಗದ ಹಾಗೆ.

ಎತ್ತು ಬಿಟ್ಟು ಮೋಟಾರು ಹಿಡಿದ ಅಣ್ಣತಮ್ಮಂದಿರೇ, ಮಳೆಯಲ್ಲಿ ನೆಂದರೆ, ಹಳ್ಳ ದಾಟಿದರೆ, ಮೆಲ್ಲಗೆ ಓಡಿಸಿ ಬ್ರೇಕು ಒಣಗಿಸಿ. ನೆಂದ ಗಾಡಿಗೆ ಕೈಬ್ರೇಕು ಬಿಗಿದು ಮಲಗಬೇಡಿ. ಮಟ್ಟಸ ಜಾಗದಲ್ಲಿ ನಿಲ್ಲಿಸಿ ಗೇರು ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಕೂಗು ನಿಲ್ಲದಿದ್ದರೆ ಮೇಸ್ತ್ರಿಯ ಹತ್ತಿರ ಹೋಗಿ. ಬ್ರೇಕಿಗೆ ಒಂದು ಹನಿ ಎಣ್ಣೆಯನ್ನೂ ಬಿಡಬೇಡಿ. ಅಕ್ಕತಂಗಿಯರೇ, ಗಂಡಸರು ಅವಸರ ಮಾಡಿದರೆ ನೀವು ಹತ್ತಬೇಡಿ. ಒಣಗಿತೇ ಎಂದು ಕೇಳಿ, ಆಮೇಲೆ ಕೂಸನ್ನು ಎತ್ತಿಕೊಂಡು ಹತ್ತಿ.